ಸಂಬಳದ ದುಡ್ಡಲ್ಲಿ ಫಾರ್ಮುಲಾ ಕಾರ್ ರೇಸ್: ಒಂದು ಸೀಸನ್ನಿನ ಲೆಕ್ಕ

ಮೊದಲ ಸೀಸನ್ ಮುಗಿಯಿತು. ಗೆಲ್ಲಲಿಲ್ಲ, ಪೋಡಿಯಂ ಹತ್ತಲಿಲ್ಲ, ಸಾಲವನ್ನೂ ಮಾಡಲಿಲ್ಲ. ಈ ಮೂರನೆಯದನ್ನು ಹೇಳಿದಾಗಲೇ ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ಟೀಮ್‌ಗಳು ಬೀಡುಬಿಡುವ ಜಾಗ) ಜನ ತಿರುಗಿ ನೋಡುವುದು.

ನಾನು ರಾಜಾಜಿನಗರದವನು. ಪೀಣ್ಯದ ಒಂದು ಕಂಪನಿಯಲ್ಲಿ ಟೂಲ್ ಡಿಸೈನ್ ಕೆಲಸ, ತಿಂಗಳ ಸಂಬಳ. ಅಪ್ಪನದು ಫ್ಯಾಕ್ಟರಿ ಇಲ್ಲ, ಮಾವನದು ರೆಸಾರ್ಟ್ ಇಲ್ಲ. ಆದರೂ ಒಂಟಿ ಸೀಟಿನ, ಚಕ್ರಗಳು ಹೊರಗೆ ಕಾಣುವ ಫಾರ್ಮುಲಾ ಕಾರನ್ನು ರೇಸ್‌ನಲ್ಲಿ ಓಡಿಸಬೇಕು ಅನ್ನುವ ಆಸೆ ಕಾಲೇಜಿನಿಂದಲೂ ಇತ್ತು. ಎಷ್ಟು ಖರ್ಚಾಗುತ್ತೆ ಅಂತ ಯಾರನ್ನು ಕೇಳಿದರೂ "ಅದು ನಿನ್ನ ಮೇಲೆ ಗುರು" ಅನ್ನುವ ಉತ್ತರವೇ ಬರುತ್ತಿತ್ತು. ಲಕ್ಷಗಟ್ಟಲೆ ಆಗುತ್ತೆ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವ ಲಕ್ಷ ಎಲ್ಲಿಗೆ ಹೋಗುತ್ತೆ ಅಂತ ಬಿಡಿಸಿ ಹೇಳುವವರು ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಳಗಿನ ಬೆಲೆಗಳೆಲ್ಲ ನನಗೆ ಹೇಳಿದವು, ನಾನು ಕೊಟ್ಟವು. ನಿಮಗೆ ಸ್ವಲ್ಪ ಆಚೆ ಈಚೆ ಆಗಬಹುದು.

ಬೆಂಗಳೂರಿನವರಿಗೆ ಒಂದು ತೊಂದರೆ ಮೊದಲಿಂದಲೇ ಇದೆ. ನಮ್ಮೂರಿನಲ್ಲಿ ಕಾರ್ಟಿಂಗ್ ಇದೆ, ರ‍್ಯಾಲಿ ಓಡಿಸುವವರ ದೊಡ್ಡ ಬಳಗವೇ ಇದೆ, ಅರ್ಜುನ್ ಮೈನಿ, ಕುಶ್ ಮೈನಿ ಥರದ ರೇಸ್ ಡ್ರೈವರ್‌ಗಳು ಇಲ್ಲಿಂದಲೇ ಯುರೋಪಿಗೆ ಹೋದರು. ಆದರೆ ಕಾರ್ ರೇಸ್ ನಡೆಯುವ ಸರ್ಕ್ಯೂಟ್ ಇಲ್ಲ. ಹತ್ತಿರದ್ದು ಅಂದರೆ ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ, 300 ಕಿಲೋಮೀಟರ್ ಮೇಲೆ. ಇನ್ನೊಂದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಅದು ಇನ್ನೂ ದೂರ. ಅಂದರೆ ಕಾರಿಗೆ ಕೀಲಿ ಹಾಕುವ ಮುಂಚೆಯೇ ನಮ್ಮ ಖರ್ಚು ಶುರುವಾಗಿರುತ್ತದೆ. ಚೆನ್ನೈ ಹುಡುಗರು ಬೆಳಗ್ಗೆ ಮನೆಯಲ್ಲಿ ಇಡ್ಲಿ ತಿಂದು ಟ್ರ್ಯಾಕಿಗೆ ಬರುತ್ತಾರೆ. ನಮಗೆ ಬಸ್ಸು, ರೂಮು, ರಜೆ ಎಲ್ಲ ಆಗಬೇಕು.

ಯಾವ ಕ್ಲಾಸ್, ಅಂದರೆ ಯಾವ ಥರದ ಕಾರಿನ ರೇಸ್, ಅನ್ನುವುದರಲ್ಲೇ ಅರ್ಧ ಖರ್ಚು ತೀರ್ಮಾನವಾಗುತ್ತದೆ. ಎಫ್4 ಇಂಡಿಯನ್ ಚಾಂಪಿಯನ್‌ಶಿಪ್ ನೋಡೋಕೆ ಚೆನ್ನ, ಆದರೆ ಖರ್ಚಿನಲ್ಲಿ ಅದು ಬೇರೆ ಪ್ರಪಂಚ. ನಾನು ಆರಿಸಿಕೊಂಡಿದ್ದು ಫಾರ್ಮುಲಾ ಎಲ್‌ಜಿಬಿ 1300. ಕೊಯಮತ್ತೂರಿನ ಎಲ್‌ಜಿಬಿ ಕಂಪನಿಯವರು ಮಾಡಿದ ಕಾರು, ಸ್ಟೀಲ್ ಪೈಪಿನ ಚಾಸಿ, ಹಿಂಭಾಗದಲ್ಲಿ ಮಾರುತಿ ಎಸ್ಟೀಮ್‌ನ 1300 ಸಿಸಿ ಎಂಜಿನ್. ಈ ಯೋಚನೆ ಹೊಸದೇನಲ್ಲ. ಕೊಯಮತ್ತೂರಿನ ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲೇ ಮಾರುತಿ 800 ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರು ಕಟ್ಟಿದ್ದರು. ಮುಂದೆ ಫಾರ್ಮುಲಾ ಒನ್ ಓಡಿಸಿದ ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದು ಅದರಲ್ಲೇ. ಕರಿ ಟ್ರ್ಯಾಕಿಗೆ ಇರುವುದು ಕರಿವರ್ಧನ್ ಅವರದೇ ಹೆಸರು. ಊರೂರಿನ ಮೆಕ್ಯಾನಿಕ್‌ಗೂ ಗೊತ್ತಿರುವ ಎಂಜಿನ್ ಹಾಕಿದರೆ ರಿಪೇರಿ ಅಗ್ಗ, ಪಾರ್ಟ್ಸ್‌ಗೆ ವಿಮಾನ ಕಾಯಬೇಕಿಲ್ಲ. ಎಲ್ಲರಿಗೂ ಒಂದೇ ಥರದ ಕಾರು, ಒಂದೇ ಕಂಪನಿ ಟಯರ್. ಪಕ್ಕದವನು ನಿನಗಿಂತ ಹತ್ತು ಪಟ್ಟು ಸಾಹುಕಾರ ಆದರೂ ಅಂಗಡಿಯಲ್ಲಿ ವೇಗ ಕೊಂಡು ತರೋಕೆ ಆಗಲ್ಲ. ಕಡಿಮೆ ದುಡ್ಡಿನವನು ಇದಕ್ಕಿಂತ ಹೆಚ್ಚಿನದನ್ನು ಕೇಳಬಾರದು.

ಈ ಕಾರುಗಳನ್ನು ಟೀಮ್‌ಗಳು ರೇಸ್‌ಗೆ ಬಾಡಿಗೆಗೆ ಕೊಡುತ್ತವೆ. ಈ ಮಧ್ಯೆ ನನ್ನ ಗೆಳೆಯನಿಗೆ ಒಂದು ಆಸೆ ಹುಟ್ಟಿತು. "ಮಗಾ, ಪ್ರತಿ ಸಲ ಬಾಡಿಗೆ ಯಾಕೆ? ಹಳೇದೊಂದು ಕಾರೇ ತಗೊಂಡ್ಬಿಡೋಣ, ಅರ್ಧ ಅರ್ಧ." ಒಂದು ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಕಾರನ್ನು ನೋಡಿಕೊಂಡೂ ಬಂದೆವು. ಬೆಲೆ ಕೇಳಿ ಇಬ್ಬರಿಗೂ ಖುಷಿಯಾಯಿತು. ವಾಪಸ್ ಬರುವಾಗ ದಾರಿಯಲ್ಲಿ ಲೆಕ್ಕ ಹಾಕಿದೆವು, ಖುಷಿ ಇಳಿಯಿತು. ರೇಸ್ ಕಾರಿಗೆ ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಪ್ರತಿ ಸಲ ಗಾಡಿ ಮೇಲೆ ಹೇರಿ ತಮಿಳುನಾಡಿಗೆ ಸಾಗಿಸಬೇಕು. ನಿಲ್ಲಿಸೋಕೆ ಶೆಡ್ ಬೇಕು, ಪೀಣ್ಯದಲ್ಲಿ ಶೆಡ್ ಬಾಡಿಗೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ರೇಸ್ ದಿನಗಳಿಗೆ ಮೆಕ್ಯಾನಿಕ್ ಬೇಕು, ಅವನ ಊಟ, ರೂಮು ನಮ್ಮದೇ. ಒಂದು ಗೇರ್‌ಬಾಕ್ಸ್ ಹೋದರೆ ಸೀಸನ್ನೇ ಮುಗಿಯಿತು. ಎಲ್ಲಕ್ಕಿಂತ ದೊಡ್ಡ ವಿಷಯ, ಬಾಡಿಗೆ ಕಾರನ್ನು ಇಷ್ಟ ಇಲ್ಲ ಅಂದರೆ ಮುಂದಿನ ರೌಂಡಿಗೆ (ಸೀಸನ್ನಿನ ಮುಂದಿನ ರೇಸ್ ವೀಕೆಂಡಿಗೆ) ಬಿಡಬಹುದು. ಸ್ವಂತ ಕಾರು ಓಡಿದರೂ ತಿನ್ನುತ್ತದೆ, ನಿಂತರೂ ತಿನ್ನುತ್ತದೆ. ಶೆಡ್ಡು, ಟ್ರೇಲರ್, ವೆಲ್ಡಿಂಗ್ ಬಲ್ಲ ಅಣ್ಣತಮ್ಮಂದಿರು ಎಲ್ಲ ಮನೆಯಲ್ಲೇ ಇದ್ದರೆ ಮಾತ್ರ ಕೊಳ್ಳುವ ಮಾತು. ನಾವು ಬಾಡಿಗೆಗೇ ಹೋದೆವು.

ಕಾಗದಪತ್ರದ ಕಥೆ. ದೇಶದಲ್ಲಿ ಮೋಟರ್ ಸ್ಪೋರ್ಟ್ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐ. ಅವರ ಕಾಂಪಿಟಿಷನ್ ಲೈಸೆನ್ಸ್ ಇಲ್ಲದೆ ರೇಸ್‌ಗೆ ಎಂಟ್ರಿ ಇಲ್ಲ. ಅರ್ಜಿ ಆನ್‌ಲೈನ್. ಫೋಟೋ, ವಯಸ್ಸಿನ ದಾಖಲೆ, ರಕ್ತದ ಗುಂಪು, ಡಾಕ್ಟರ್ ಸರ್ಟಿಫಿಕೇಟ್, ಮೊದಲ ಸಲದವರಿಗೆ ತರಬೇತಿಯ ಸರ್ಟಿಫಿಕೇಟ್. ಮೆಡಿಕಲ್ ಸುಲಭ ಅಂದುಕೊಂಡು ನಮ್ಮ ಬೀದಿಯ ಡಾಕ್ಟರ್ ಹತ್ತಿರ ಹೋದೆ. ಫಾರ್ಮ್ ನೋಡಿದವರೇ ಕನ್ನಡಕ ತೆಗೆದರು. "ರೇಸಾ? ಏನಪ್ಪಾ ಇದು, ನಿಮ್ಮ ತಂದೆಗೆ ಗೊತ್ತಾ?" ಬೆಂಗಳೂರಿನಲ್ಲಿ ರೇಸ್ ಅಂದರೆ ಇನ್ನೂ ಕುದುರೆಯೇ. ಕಾರು ಅಂತ ಬಿಡಿಸಿ ಹೇಳಿದ ಮೇಲೆ ಇನ್ನೂ ಗಾಬರಿಯಾಗಿ, ಸಹಿ ಹಾಕಲ್ಲ ಅಂದರು. ಕೊನೆಗೆ ಬೇರೆ ಕ್ಲಿನಿಕ್‌ನಲ್ಲಿ ಆಯಿತು. ಬಿಪಿ, ಕಣ್ಣು, ಬಣ್ಣ ಗುರುತಿಸುವ ಪರೀಕ್ಷೆ ಎಲ್ಲ ಮಾಡಿಸಿಕೊಳ್ಳಿ. ಟ್ರ್ಯಾಕ್‌ನಲ್ಲಿ ಎಲ್ಲ ಮಾತೂ ಬಾವುಟದ ಬಣ್ಣದಲ್ಲೇ ನಡೆಯುವುದರಿಂದ ಅದು ನೆಪಕ್ಕಲ್ಲ. ಡಾಕ್ಟರ್ ಸೀಲು, ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕು. ಸೀಲು ಮಸುಕಾಗಿದೆ ಅಂತ ಪರಿಚಯದವರೊಬ್ಬರ ಅರ್ಜಿ ವಾಪಸ್ ಬಂದಿತ್ತು.

ತರಬೇತಿಗೆ ಶಾಲೆಗಳಿವೆ, ಆದರೆ ಅವರ ಬ್ಯಾಚ್ ಯಾವಾಗ ಅಂದರೆ ಆವಾಗ ಇರುವುದಿಲ್ಲ. ಟ್ರ್ಯಾಕ್ ಖಾಲಿ ಇರಬೇಕು, ಸಾಕಷ್ಟು ಜನ ಸೇರಬೇಕು. ಸೀಸನ್ ಹತ್ತಿರ ಬಂದ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ನಾನು ಕಾದಿದ್ದರಲ್ಲಿ ಜಾಸ್ತಿ ಪಾಲು ಇದಕ್ಕೇ. ದುಬಾರಿಯೂ ಹೌದು. ಆದರೆ ಇಲ್ಲಿ ಕೊಟ್ಟ ದುಡ್ಡು ದಂಡ ಅನ್ನಿಸಲಿಲ್ಲ. ಕ್ಲಾಸ್‌ರೂಮಲ್ಲಿ ಬಾವುಟ, ರೇಸಿಂಗ್ ಲೈನ್, ಬ್ರೇಕ್ ಹಾಕುತ್ತಲೇ ಗೇರ್ ಇಳಿಸುವುದು, ಆಮೇಲೆ ಟ್ರ್ಯಾಕ್. ಇದೇ ಪಾಠವನ್ನು ಬಾಡಿಗೆ ಕಾರಿನಲ್ಲಿ ಸ್ವಂತವಾಗಿ ಕಲಿಯಲು ಹೋದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಯಾವ ಶಾಲೆಯ ಸರ್ಟಿಫಿಕೇಟ್ ಲೈಸೆನ್ಸ್‌ಗೆ ನಡೆಯುತ್ತದೆ ಅಂತ ದುಡ್ಡು ಕಟ್ಟುವ ಮುಂಚೆ ಎಫ್‌ಎಂಎಸ್‌ಸಿಐಗೇ ಮೇಲ್ ಹಾಕಿ ಕೇಳಿ.

ಈಗ ಮೈಮೇಲಿನ ಸಾಮಾನು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಹೊಸಬರ ದುಡ್ಡು ಹೆಚ್ಚು ಪೋಲಾಗುವುದು ಇಲ್ಲಿ.

ಕಾರ್ಟಿಂಗ್‌ನಿಂದ ಬರುವವರ ಹತ್ತಿರ ಆಗಲೇ ಸೂಟು, ಹೆಲ್ಮೆಟ್ ಇರುತ್ತದೆ. ಅದೇ ಸಾಕಲ್ವಾ ಅಂತ ಅನ್ನಿಸುತ್ತದೆ. ಸಾಲದು. ಕಾರ್ಟಿಂಗ್ ಸೂಟು ಮಾಡಿರುವುದು ಬಿದ್ದು ಉಜ್ಜಿಕೊಂಡರೆ ಚರ್ಮ ಕೀಳದಿರಲಿ ಅಂತ. ಕಾರಿನ ಸೂಟು ಮಾಡಿರುವುದು ಬೆಂಕಿಗೆ. ಎರಡೂ ನೋಡೋಕೆ ಒಂದೇ ಥರ. ಹೆಲ್ಮೆಟ್ಟೂ ಹಾಗೆಯೇ. ಒಳಗಿನ ಸುರಕ್ಷತಾ ಗುರುತು ನೋಡಿ: ಬೈಕಿನವರದು ಸ್ನೆಲ್ ಎಂ, ಕಾರಿನವರದು ಸ್ನೆಲ್ ಎಸ್‌ಎ ಅಥವಾ ಎಫ್‌ಐಎ (ಅಂತರರಾಷ್ಟ್ರೀಯ ಮೋಟರ್ ಸ್ಪೋರ್ಟ್ ಸಂಸ್ಥೆ) 8859. ಎಸ್‌ಎ ಹೆಲ್ಮೆಟ್ ಒಳಗಿನ ಬಟ್ಟೆ ಬೆಂಕಿ ತಡೆಯುತ್ತದೆ, ಕುತ್ತಿಗೆ ಕಾಯುವ ಹಾನ್ಸ್ ಸಾಧನ ಸಿಕ್ಕಿಸಲು ಪಕ್ಕದಲ್ಲಿ ಜಾಗವಿರುತ್ತದೆ. ಸೂಟಿಗೆ ಎಫ್‌ಐಎ 8856, ಹಾನ್ಸ್‌ಗೆ ಎಫ್‌ಐಎ 8858. ಈ ನಂಬರ್‌ಗಳನ್ನು ಫೋನ್‌ನಲ್ಲಿ ಬರೆದಿಟ್ಟುಕೊಂಡು, ಆ ವರ್ಷದ ನಿಯಮ ಪುಸ್ತಕದ ಜೊತೆ ತಾಳೆ ನೋಡಿ ಆಮೇಲೆ ಅಂಗಡಿಗೆ ಹೋಗಿ. ಸ್ಕ್ರೂಟಿನಿ (ರೇಸ್ ಮುಂಚಿನ ತಪಾಸಣೆ) ಮಾಡುವವರು ಬ್ರ್ಯಾಂಡ್ ನೋಡುವುದಿಲ್ಲ, ಲೇಬಲ್ ನೋಡುತ್ತಾರೆ.

ಎಲ್ಲವನ್ನೂ ಹೊಸದಾಗಿ ಕೊಂಡರೆ, ಕಡಿಮೆ ಬೆಲೆಯದೇ ಆದರೂ ಒಂದೂವರೆ ಲಕ್ಷ ಮುಟ್ಟುತ್ತದೆ. ನಾನು ಹೆಲ್ಮೆಟ್, ಹಾನ್ಸ್ ಎರಡನ್ನೂ ಹೊಸದು ತಗೊಂಡೆ. ಸೇರಿ ಸುಮಾರು 70,000 ರೂಪಾಯಿ. ಹೆಲ್ಮೆಟ್ ಯಾವತ್ತೂ ಸೆಕೆಂಡ್ ಹ್ಯಾಂಡ್ ತಗೊಳ್ಳಬೇಡಿ. ಒಮ್ಮೆ ಬಿದ್ದ ಹೆಲ್ಮೆಟ್ ಒಳಗೆ ಏನಾಗಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಸೂಟು ಮಾತ್ರ ಹಳೆಯದು. ಬೆಳೆದು ಸೈಜ್ ಮೀರಿದ ಹುಡುಗನೊಬ್ಬನ ಅಮ್ಮನಿಂದ 15,000ಕ್ಕೆ ಸಿಕ್ಕಿತು. ರೇಸ್ ಕುಟುಂಬಗಳಲ್ಲಿ ಮಕ್ಕಳು ಬೆಳೆಯುವ ವೇಗಕ್ಕೆ ಒಳ್ಳೊಳ್ಳೆ ಸೂಟುಗಳು ಹೊರಬರುತ್ತವೆ. ಕೊಳ್ಳುವಾಗ ಕುತ್ತಿಗೆ ಹಿಂದಿನ ಎಫ್‌ಐಎ ಲೇಬಲ್ ನೋಡಿ, ಎಣ್ಣೆ ಕಲೆ ನೋಡಿ, ಒಳಗಡೆ ತಿರುಗಿಸಿ ಹೊಲಿಗೆ ನೋಡಿ. ಸ್ಪಾನ್ಸರ್ ಬ್ಯಾಡ್ಜ್‌ಗಳನ್ನು ಸಾದಾ ದಾರದಲ್ಲಿ ಎಲ್ಲ ಪದರ ತೂರಿ ಹೊಲಿಸಿದ್ದರೆ ಬೇಡ ಅನ್ನಿ, ಬೆಂಕಿ ತಡೆಯುವ ಗುಣಕ್ಕೆ ಅದರಿಂದ ಪೆಟ್ಟು. ಒಳ ಉಡುಪು, ಬಾಲಕ್ಲಾವಾ (ಹೆಲ್ಮೆಟ್ ಒಳಗೆ ತಲೆ, ಮುಖ ಮುಚ್ಚುವ ಟೋಪಿ), ಗ್ಲೋವ್ಸ್ ಹೊಸದೇ. ಶೂ ತೆಳು ಅಟ್ಟೆಯದು, ಅಗಲ ಕಡಿಮೆ ಇರುವುದು ಬೇಕು. ಈ ಕಾರುಗಳಲ್ಲಿ ಪೆಡಲ್ ಜಾಗ ಎಷ್ಟು ಇಕ್ಕಟ್ಟು ಅಂದರೆ ಅಗಲದ ಶೂ ಹಾಕಿದವನು ಒಂದೇ ಸಲಕ್ಕೆ ಬ್ರೇಕೂ ಆಕ್ಸಿಲರೇಟರೂ ಒತ್ತುತ್ತಾನೆ.

ಹಾನ್ಸ್ ಅನ್ನು ಹೊರದೇಶದಿಂದ ತರಿಸಿದೆ. ವೆಬ್‌ಸೈಟಿನ ಬೆಲೆ ಕಡಿಮೆ ಕಂಡಿತ್ತು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿತು. ಆಧಾರ್ ಕೊಡಿ, ಬಿಲ್ ಕೊಡಿ, ಇದು ಏನು ವಸ್ತು ಅಂತ ಬರೆದುಕೊಡಿ. ಕುತ್ತಿಗೆಗೆ ಹಾಕುವುದು ಅಂತ ಬರೆದರೆ ಆಸ್ಪತ್ರೆ ಸಾಮಾನಾ ಅಂತ ಮರುಪ್ರಶ್ನೆ. ಕೊನೆಗೆ ಡ್ಯೂಟಿ, ತೆರಿಗೆ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿಸಿದ ಮೇಲೆ ಇಲ್ಲಿನ ಡೀಲರ್ ಹೇಳಿದ್ದ ಬೆಲೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ರೇಸ್ ಹತ್ತಿರ ಇದ್ದರೆ ಇಲ್ಲೇ ತಗೊಳ್ಳಿ. ಸೈಜ್ ಸರಿ ಇಲ್ಲ ಅಂದರೆ ಬದಲಾಯಿಸಬಹುದು, ನಿದ್ದೆಯೂ ಕೆಡುವುದಿಲ್ಲ.

ಬಾಡಿಗೆ ಮಾತುಕತೆಗೆ ಬರೋಣ. ಟೀಮ್‌ಗಳು ಒಂದು ವೀಕೆಂಡಿಗೆ ನನಗೆ ಹೇಳಿದ್ದು 1 ಲಕ್ಷದಿಂದ 2 ಲಕ್ಷದ ನಡುವೆ. ಈ ಅಂತರ ನೋಡಿ ತಲೆ ತಿರುಗುತ್ತದೆ. ಆದರೆ ಒಬ್ಬರ ಲೆಕ್ಕದಲ್ಲಿ ಟಯರ್ ಸೇರಿದೆ, ಇನ್ನೊಬ್ಬರದರಲ್ಲಿ ಇಲ್ಲ. ಒಬ್ಬರು ಎಂಟ್ರಿ ಫೀ ಸೇರಿಸಿರುತ್ತಾರೆ, ಇನ್ನೊಬ್ಬರು ಪೆಟ್ರೋಲೂ ಬೇರೆ ಅನ್ನುತ್ತಾರೆ. ಛತ್ರದ ಬಾಡಿಗೆ ಒಂದೇ ಮದುವೆ ಖರ್ಚಲ್ಲ, ಇದೂ ಹಾಗೆಯೇ. ಮೊದಲ ಫೋನಿನಲ್ಲೇ ಕೇಳಬೇಕಾದ್ದು: ಟಯರ್ ಯಾರದು, ಬ್ರೇಕ್ ಪ್ಯಾಡ್ ಯಾರದು, ಶುಕ್ರವಾರದ ಪ್ರಾಕ್ಟೀಸ್ ಸೇರಿದೆಯಾ, ಎಂಜಿನ್ ತಾನಾಗಿ ಕೈಕೊಟ್ಟರೆ ಯಾರ ತಲೆಗೆ, ಡಿಪಾಸಿಟ್ ಎಷ್ಟು, ಯಾವಾಗ ವಾಪಸ್. ಇನ್ನೊಂದು ಗುಟ್ಟು, ಸೀಸನ್ ಮುಗಿದ ತಕ್ಷಣ, ಮುಂದಿನ ವರ್ಷದ ಕ್ಯಾಲೆಂಡರ್ ಬರುವ ಮುಂಚೆ ಮಾತಾಡಿ. ಆಗ ಟೀಮ್‌ನವರಿಗೆ ಸೀಟು ತುಂಬಿಸುವ ಚಿಂತೆ ಇರುತ್ತದೆ. ಒಂದೇ ರೌಂಡ್ ಅನ್ನುವವನಿಗೂ ಇಡೀ ಸೀಸನ್ ಬರುತ್ತೇನೆ, ಕಂತಿನಲ್ಲಿ ಕೊಡುತ್ತೇನೆ ಅನ್ನುವವನಿಗೂ ಒಂದೇ ಬೆಲೆ ಹೇಳುವುದಿಲ್ಲ. ನನಗೆ ಕೆಳಗಿನ ತುದಿಯ ಹತ್ತಿರದ ಬೆಲೆ ಸಿಕ್ಕಿದ್ದು ಹೀಗೆ.

ಸೀಟ್ ಫಿಟ್ಟಿಂಗ್ ಅಗ್ಗದ ಕೆಲಸ, ಮರೆಯಬೇಡಿ. ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಸೀಟಿನಲ್ಲಿಟ್ಟು, ಎರಡು ದ್ರವ ಬೆರೆಸಿ ಸುರಿದು, ಅದರ ಮೇಲೆ ನಾವು ಅಲ್ಲಾಡದೆ ಕೂರಬೇಕು. ಫೋಮ್ ಉಬ್ಬಿ ಮೈಯ ಆಕಾರಕ್ಕೆ ಗಟ್ಟಿಯಾಗುತ್ತದೆ, ಬಿಸಿಯೂ ಆಗುತ್ತದೆ. ಬೆನ್ನು ಸುಡುತ್ತಿದೆ ಅಂದರೆ ಮೆಕ್ಯಾನಿಕ್ ಅಣ್ಣ ನಗುತ್ತಾ "ಅಡ್ಜಸ್ಟ್ ಮಾಡ್ಕೊಳ್ಳಿ ಸರ್" ಅಂದರು, ಅರ್ಧ ತಮಿಳಿನಲ್ಲಿ. ಮೈ ಹಿಡಿದು ಕೂರುವ ಸೀಟು ಇಲ್ಲದಿದ್ದರೆ ತಿರುವಿನಲ್ಲಿ ಸ್ಟೀರಿಂಗ್ ಹಿಡಿದು ನೇತಾಡಬೇಕು.

ಪ್ರಾಕ್ಟೀಸ್ ವಿಷಯದಲ್ಲಿ ನನಗೆ ಒಂದು ಅಭಿಪ್ರಾಯ ಇದೆ, ಎಲ್ಲರೂ ಒಪ್ಪಲಿಕ್ಕಿಲ್ಲ. ಹೊಸಬನಿಗೆ ಫಾರ್ಮುಲಾ ಕಾರಿನಲ್ಲಿ ಜಾಸ್ತಿ ಟೆಸ್ಟ್ ದಿನ ಬೇಕಿಲ್ಲ. ದಾರಿ ನೆನಪಿಟ್ಟುಕೊಳ್ಳೋಕೆ, ಎಲ್ಲಿ ಬ್ರೇಕ್, ಯಾವ ಗೇರ್ ಅಂತ ರೂಢಿಯಾಗೋಕೆ ಸಿಮ್ಯುಲೇಟರ್ ಸಾಕು. ನನ್ನದು ಸೆಕೆಂಡ್ ಹ್ಯಾಂಡ್ ಸ್ಟೀರಿಂಗ್, ಪೆಡಲ್. ಅದನ್ನು ಕಟ್ಟಿದ್ದು ಹಳೆಯ ಕಂಪ್ಯೂಟರ್ ಟೇಬಲ್ಲಿಗೆ. ಪಕ್ಕದಲ್ಲಿ ಗಾಡಿ ಇರುವಾಗ ಬ್ರೇಕ್ ಹಾಕುವ ಧೈರ್ಯ, ಜನರ ನಡುವೆ ಜಾಗ ಹುಡುಕುವುದು, ಇವಕ್ಕೆ ಕಾರ್ಟಿಂಗ್. ಹೆಣ್ಣೂರು–ಬಾಗಲೂರು ರಸ್ತೆ ಕಡೆಗೆ ಶನಿವಾರ ಬೆಳಗ್ಗೆ ಬೇಗ ಹೋದರೆ ಟ್ರ್ಯಾಕ್ ಖಾಲಿ ಇರುತ್ತದೆ. ಬಾಡಿಗೆ ಕಾರ್ಟ್ ಸಾಕು, ಸ್ವಂತದ ಟೂ ಸ್ಟ್ರೋಕ್ ಕಾರ್ಟಿನ ಹಿಂದೆ ಹೋದರೆ ಅದು ಇನ್ನೊಂದು ಸೀಸನ್ನಿನ ಖರ್ಚು. ಉಳಿದ ಟೆಸ್ಟ್ ದಿನವನ್ನು ಗೆಳೆಯನೂ ನಾನೂ ಹಂಚಿಕೊಂಡೆವು. ಒಂದೇ ಕಾರು, ಬೆಳಗ್ಗೆ ಅವನು, ಮಧ್ಯಾಹ್ನ ನಾನು, ಹಳೆಯ ಟಯರ್. ಒಬ್ಬ ಓಡಿಸುವಾಗ ಇನ್ನೊಬ್ಬ ತಿರುವಿನ ಹೊರಗೆ ನಿಂತು ನೋಡುತ್ತಾನಲ್ಲ, ಅದರಿಂದ ಕಲಿತದ್ದಕ್ಕೆ ದುಡ್ಡೇ ಕೊಡಬೇಕಿಲ್ಲ. ಸೀಟಿನ ಫೋಮ್ ಮಾತ್ರ ಬೇರೆ ಬೇರೆ ಬೇಕು. ಅವನು ಆರಡಿ, ನಾನು ಐದೂವರೆ.

ಆಮೇಲೆ ಕ್ಯಾಲೆಂಡರ್. ರೌಂಡ್ ದಿನಾಂಕ ಬದಲಾಗುತ್ತದೆ ಅಂತಲೇ ಅಂದುಕೊಳ್ಳಿ. ನಮ್ಮದೊಂದು ರೌಂಡ್ ಮುಂದಕ್ಕೆ ಹೋಯಿತು. ಹಾಕಿದ್ದ ರಜೆ ವ್ಯರ್ಥ, ರೂಮಿನ ಅಡ್ವಾನ್ಸ್ ಹೋಯಿತು. ಆಫೀಸಿನಲ್ಲಿ ಮ್ಯಾನೇಜರ್ "ಏನ್ರೀ, ಮತ್ತೆ ಅದೇ ಮದುವೆನಾ?" ಅಂದರು. ಅವರಿಗೆ ರೇಸ್ ಅಂತ ಹೇಳಿರಲಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈ ಕಡೆ ಹಿಂಗಾರು ಮಳೆ, ಆ ತಿಂಗಳುಗಳ ರೌಂಡಿಗೆ ದುಡ್ಡು ವಾಪಸ್ ಕೊಡುವ ರೂಮನ್ನೇ ಬುಕ್ ಮಾಡಿ.

ಪ್ರಯಾಣ. ಮೊದಲು ಕಾರಿನಲ್ಲಿ ಹೋಗಿ ನೋಡಿದೆ. ಪೆಟ್ರೋಲ್, ಟೋಲ್, ರೇಸ್ ಮುಗಿಸಿ ಸುಸ್ತಾದ ಮೈಯಲ್ಲಿ ಕೃಷ್ಣಗಿರಿ ದಾರಿಯ ಲಾರಿಗಳ ನಡುವೆ ರಾತ್ರಿ ಡ್ರೈವಿಂಗ್. ಬೇಡವೇ ಬೇಡ. ಆಮೇಲೆ ಚೆನ್ನೈಗೆ ಹೋಗುವ ರಾತ್ರಿ ಬಸ್ಸು ಹಿಡಿದೆ. ಬಸ್ಸು ಶ್ರೀಪೆರಂಬದೂರು ಮೇಲೆಯೇ ಹೋಗುತ್ತದೆ, ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟರೆ ಅಲ್ಲಿ ಇಳಿಸುತ್ತಾರೆ. ಅಲ್ಲಿಂದ ಟ್ರ್ಯಾಕ್ ಹತ್ತಿರ. ಹೆಲ್ಮೆಟ್, ಹಾನ್ಸ್ ತೊಡೆ ಮೇಲೆ, ಉಳಿದದ್ದು ಡಿಕ್ಕಿಯಲ್ಲಿ. ರೂಮು ಶ್ರೀಪೆರಂಬದೂರಿನಲ್ಲೇ ಹುಡುಕಿ, ಚೆನ್ನೈ ಒಳಗೆ ಬೇಡ. ಸುತ್ತ ಹ್ಯುಂಡೈ ಫ್ಯಾಕ್ಟರಿ, ಕೈಗಾರಿಕಾ ಪ್ರದೇಶ, ಹಾಗಾಗಿ ಕಂಪನಿ ಕೆಲಸಕ್ಕೆ ಬರುವವರ ಸಾದಾ ಲಾಡ್ಜ್‌ಗಳು ಸಿಗುತ್ತವೆ. ಮೂವರು ಹಂಚಿಕೊಂಡರೆ ಖರ್ಚು ಏನೂ ಅಲ್ಲ. ಅಮ್ಮ ಕಟ್ಟಿಕೊಟ್ಟ ಚಪಾತಿ, ಪುಳಿಯೋಗರೆ ಮೊದಲ ದಿನಕ್ಕೆ ಆಯಿತು. ನೀರು, ಓಆರ್‌ಎಸ್ ಮಾತ್ರ ಜಿಪುಣತನ ಬೇಡ. ಮೂರು ಪದರ ಬಟ್ಟೆ ಹಾಕಿ ಆ ಸೆಕೆಯಲ್ಲಿ ಗ್ರಿಡ್‌ನಲ್ಲಿ (ರೇಸ್ ಶುರುವಾಗುವ ಸಾಲಿನಲ್ಲಿ) ಕೂತಾಗ ಗೊತ್ತಾಗುತ್ತದೆ.

ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನ ಇರುಂಗಾಟ್ಟುಕೋಟ್ಟೈ ಸರ್ಕ್ಯೂಟ್ 1990ರಲ್ಲಿ ಶುರುವಾದದ್ದು, ಒಂದು ಸುತ್ತು 3.7 ಕಿಲೋಮೀಟರ್. ಅದಕ್ಕೂ ಮುಂಚೆ ಶೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಯುತ್ತಿತ್ತಂತೆ. ಮೊದಲ ರೇಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕೆಂಪು ದೀಪ ಆರಿದ್ದು ನೆನಪಿದೆ, ಎದೆ ಬಡಿತ ಎಂಜಿನ್‌ಗಿಂತ ಜೋರಾಗಿತ್ತು, ಹಿಂದಿನ ಸಾಲಿನಲ್ಲಿ ಶುರು ಮಾಡಿ ಹಿಂದಿನ ಸಾಲಿನ ಹತ್ತಿರವೇ ಮುಗಿಸಿದೆ. ಇಳಿದಾಗ ಕೈ ನಡುಗುತ್ತಿತ್ತು, ಮುಖದ ತುಂಬ ನಗು.

ಖರ್ಚಿನ ದೃಷ್ಟಿಯಿಂದ ಮುಖ್ಯವಾದದ್ದು ಎರಡನೇ ರೌಂಡ್. ಮೊದಲ ಸುತ್ತಿನಲ್ಲೇ ಹಿಂದಿನವನು ಬ್ರೇಕ್ ತಡ ಮಾಡಿ ನನಗೆ ಗುದ್ದಿದ. ನನ್ನ ಕಾರು ತಿರುಗಿ ಮುಂದಿನ ಚಕ್ರ ಇನ್ನೊಬ್ಬನಿಗೆ ತಗುಲಿತು. ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಬಾಗಿತು, ಅದರ ತುದಿಯ ರಾಡ್ ಎಂಡ್ ಮುರಿಯಿತು, ನೋಸ್ ಕೋನ್ (ಕಾರಿನ ಮೂತಿ) ಒಡೆಯಿತು. ರೇಸ್ ತೀರ್ಪು ಕೊಡುವ ಸ್ಟೀವರ್ಡ್‌ಗಳು ಗುದ್ದಿದವನಿಗೆ ದಂಡ ಹಾಕಿದರು. ನನಗೆ ಸಮಾಧಾನ ಆಯಿತು, ಬಿಲ್ ಬರುವ ತನಕ. ತಪ್ಪು ಯಾರದೇ ಇರಲಿ, ಕಾರಿನಲ್ಲಿ ಕೂತವನೇ ರಿಪೇರಿ ಕೊಡಬೇಕು ಅನ್ನುವುದು ಬಾಡಿಗೆ ಒಪ್ಪಂದದ ಮಾಮೂಲಿ ಷರತ್ತು. ಗುದ್ದಿದವನಿಂದ ಒಂದು ರೂಪಾಯಿ ಬರುವುದಿಲ್ಲ. ಟೀಮ್ ಮೊದಲು ಹೇಳಿದ ಮೊತ್ತ 60,000 ದಾಟಿತ್ತು. ಸಾಲು ಸಾಲಾಗಿ ಪಟ್ಟಿ ಕೇಳಿದೆ. ಕೆಟ್ಟ ಪಾರ್ಟ್‌ಗಳನ್ನು ನನಗೇ ಕೊಡಿ ಅಂದೆ. ಪಟ್ಟಿಯಲ್ಲಿ ಆ ಗುದ್ದಿಗೆ ಸಂಬಂಧವೇ ಇಲ್ಲದ ಒಂದೆರಡು ಸಾಮಾನು ಇದ್ದವು, ಅವು ಹೋದವು. ವಿಶ್‌ಬೋನ್ ಹೊಸದೇ ಹಾಕಿಸಿದೆವು. ಬಾಗಿದ್ದನ್ನು ಬಿಸಿ ಮಾಡಿ ನೆಟ್ಟಗೆ ಮಾಡಿಕೊಡುತ್ತೇನೆ ಅನ್ನುವವರು ಪೀಣ್ಯದಲ್ಲಿ ಸಾಲಾಗಿ ಸಿಗುತ್ತಾರೆ. ಬೇಡ, ಬ್ರೇಕ್ ಹಾಕುವಾಗ ಚಕ್ರ ಹಿಡಿದಿರುವುದು ಅದೇ. ನೋಸ್ ಕೋನ್ ಮಾತ್ರ ಫೈಬರ್. ಅದನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿಕೊಂಡು ಕಾಮಾಕ್ಷಿಪಾಳ್ಯದ ಒಂದು ಎಫ್‌ಆರ್‌ಪಿ (ಫೈಬರ್ ಕೆಲಸದ) ಶೆಡ್ಡಿಗೆ ಕೊಟ್ಟೆ. ಅವರು ದಿನಾ ಮಾಡುವುದು ನೀರಿನ ಟ್ಯಾಂಕು, ಕುರ್ಚಿ. "ಇದೇನು ಸರ್, ದೋಣಿನಾ?" ಅಂದರು. ಒಳಗಿನಿಂದ ಮ್ಯಾಟ್, ರೆಸಿನ್ ಹಾಕಿ, ಹೊರಗೆ ಉಜ್ಜಿ, ಬಣ್ಣಕ್ಕೆ ತಯಾರು ಮಾಡಿ ಕೊಟ್ಟರು. ಹೊಸದರ ಕಾಲು ಭಾಗವೂ ಆಗಲಿಲ್ಲ. ಟೀಮ್‌ನವರು ಈಗ ಇನ್ನೊಂದು ಒಡೆದ ನೋಸನ್ನೂ ನನ್ನ ಕೈಗೇ ಕೊಟ್ಟಿದ್ದಾರೆ.

ಮೊದಲೇ ಮಾತಾಡಿ ರಿಪೇರಿಗೆ ಒಂದು ಮಿತಿ ಬರೆಸಿಕೊಳ್ಳಿ. ಇಷ್ಟರ ಮೇಲೆ ಹೋದರೆ ಅರ್ಧ ಅರ್ಧ ಅಂತಲಾದರೂ. ಎಲ್ಲರೂ ಒಪ್ಪುವುದಿಲ್ಲ, ಕೇಳಿದರೆ ಕೆಲವರು ಒಪ್ಪುತ್ತಾರೆ. ಕಾರು ತಗೊಳ್ಳುವಾಗ ಸುತ್ತಲೂ ಫೋಟೋ ತೆಗೆಯಿರಿ. ನನ್ನ ಅನುಭವದಲ್ಲಿ ಖರ್ಚು ಉಳಿಸುವ ಅತಿ ದೊಡ್ಡ ದಾರಿ ಇಲ್ಲೇ ಇದೆ. ಮೊದಲ ಸುತ್ತಿನಲ್ಲಿ ಒಂದು ಸ್ಥಾನ ಬಿಟ್ಟುಕೊಟ್ಟರೂ ಪರವಾಗಿಲ್ಲ, ಗುದ್ದಾಟದಿಂದ ದೂರ ಇರಿ. ಹನ್ನೊಂದನೇ ಸ್ಥಾನಕ್ಕೂ ಹನ್ನೆರಡನೆಯದಕ್ಕೂ ಇರುವ ವ್ಯತ್ಯಾಸಕ್ಕೆ ಯಾರೂ 60,000 ಕೊಡಬಾರದು.

ವಿಮೆ ಬಗ್ಗೆ ಎರಡು ಮಾತು. ಸಾದಾ ವಾಹನ ವಿಮೆ ರೇಸ್‌ಗೆ ನಡೆಯುವುದಿಲ್ಲ. ಆರೋಗ್ಯ ವಿಮೆಯಲ್ಲಿ ಅಪಾಯದ ಆಟಗಳ ಒಂದು ಷರತ್ತು ಇರುತ್ತದೆ, ಅದರಲ್ಲಿ ಮೋಟರ್ ರೇಸಿಂಗ್ ಹೆಸರು ಹಿಡಿದೇ ಬರೆದಿರುತ್ತಾರೆ. ಸಾಮಾನ್ಯವಾಗಿ ಅದು ವೃತ್ತಿಯಾಗಿ ಆಡುವವರಿಗೆ. ಹವ್ಯಾಸಿಗೆ ಹೇಗೆ ಅಂತ ಕಂಪನಿಗೆ ಮೇಲ್ ಹಾಕಿ, ಉತ್ತರ ಲಿಖಿತವಾಗಿ ಇಟ್ಟುಕೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ್ದು ಸಾಲದು.

ಸ್ಪಾನ್ಸರ್ ಹುಡುಕುವುದಕ್ಕೆ ತುಂಬ ಸಂಜೆಗಳು ಹೋದವು. ಚಂದದ ಪ್ರೆಸೆಂಟೇಷನ್ ಮಾಡಿ ದೊಡ್ಡ ಕಂಪನಿಗಳಿಗೆ ಕಳಿಸಿದೆ, ಉತ್ತರವೇ ಬರಲಿಲ್ಲ. ಕೆಲಸಕ್ಕೆ ಬಂದದ್ದು ಗುರುತಿನವರು. ಪೀಣ್ಯದ ಒಬ್ಬ ಮೆಷಿನ್ ಶಾಪ್ ಮಾಲೀಕರು "ದುಡ್ಡು ಕೇಳ್ಬೇಡಪ್ಪ, ಕೆಲಸ ಕೇಳು" ಅಂದರು. ಟೀಮಿಗೆ ಬೇಕಿದ್ದ ಬುಷ್, ಸ್ಪೇಸರ್‌ಗಳನ್ನು ಮಾಡಿಕೊಟ್ಟರು, ನಾನು ಡ್ರಾಯಿಂಗ್ ಹಾಕಿಕೊಟ್ಟೆ. ಟೀಮ್‌ನವರು ಅದನ್ನು ನನ್ನ ಬಾಡಿಗೆಯಲ್ಲಿ ಕಳೆದರು. ಅವರ ಶಾಪ್ ಹೆಸರು ಕಾರಿನ ಮೇಲೆ ಸ್ಟಿಕರ್ ಆಯಿತು. ನಗದಿಗಿಂತ ಇದು ಸುಲಭ. ನಿಮ್ಮ ಕೈಯಲ್ಲಿ ಯಾವ ಕೆಲಸ ಇದೆ ಅಂತ ಯೋಚಿಸಿ. ಫೋಟೋ, ವಿಡಿಯೋ, ಅಕೌಂಟ್ಸ್, ಏನೇ ಆಗಲಿ ಟೀಮ್‌ಗಳಿಗೆ ಬೇಕಾಗಿರುತ್ತದೆ.

ಒಟ್ಟು ಲೆಕ್ಕ ಮಾಡಿದಾಗ ಬಾಡಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದೆಲ್ಲ ಸುತ್ತಮುತ್ತಲಿನದು: ಸಾಮಾನು, ತರಬೇತಿ, ಟಯರ್, ಪ್ರಯಾಣ, ರಿಪೇರಿ. ಅಪ್ಪ ಪಟ್ಟಿ ನೋಡಿ "ಈ ದುಡ್ಡಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತಲ್ಲೋ" ಅಂದರು. ಬೆಂಗಳೂರಿನ ಯಾವ ಸೈಟಿಗೆ ಅಂತ ನಾನು ಕೇಳಲಿಲ್ಲ.

ಡಿಪಾಸಿಟ್ ಮೊನ್ನೆ ವಾಪಸ್ ಬಂತು, ವಿಶ್‌ಬೋನಿನ ದುಡ್ಡು ಕಳೆದು. ಇದಕ್ಕೂ ಫೋನ್ ಮೇಲೆ ಫೋನ್ ಮಾಡಬೇಕಾಯಿತು. ಕೊನೆಯ ರೌಂಡ್ ಮುಗಿದ ಸಂಜೆ, ಪ್ಯಾಡಕ್ ಬಿಡುವ ಮುಂಚೆ, ಎಷ್ಟು ಬಾಕಿ, ಯಾವ ತಾರೀಖಿಗೆ ಕೊಡುತ್ತೀರಿ ಅಂತ ಟೀಮ್ ಮ್ಯಾನೇಜರ್ ಹತ್ತಿರ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಂಡು ಬಸ್ಸು ಹತ್ತಿ.